ಮಾರಾಟಕ್ಕಿಲ್ಲದ ಮಂಚ

ಸನಾವುಲ್ಲಾ ಸಾಹೇಬರ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿಸಿಕೊಂಡವರು ಶಿವಾಜಿನಗರದಲ್ಲಿ ಯಾರೂ ಇರಲಿಲ್ಲ. ಅಕಸ್ಮಾತ್ ಹೊಗಳಿದ್ದರೂ ಅದು ಮನುಷ್ಯರನ್ನಲ್ಲ, ಯಾವುದೋ ತೇಗದ ಬೀರುವನ್ನು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಕೋಳಿ ಅಂಗಡಿಗೂ ಬುರ್ಖಾ ಹೊಲಿಯುವವನ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕತ್ತಲೆಕೋಣೆ ಅವರ ಅಂಗಡಿ. ನಲವತ್ತೊಂದು ವರ್ಷದಿಂದ ಅಲ್ಲಿ ಕೂತು ಹಳೇ ಕುರ್ಚಿ, ಮೇಜು, ಮಂಚಗಳನ್ನು ಕೊಳ್ಳುತ್ತಾರೆ, ಗಾಜಿನ ಚೂರಿನಿಂದ ಕೆರೆಯುತ್ತಾರೆ, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತಿಕ್ಕಿ ತಿಕ್ಕಿ ಪಾಲಿಶ್ ಮಾಡುತ್ತಾರೆ, ಮಾರುತ್ತಾರೆ. ಇಷ್ಟೂ ಕೆಲಸವನ್ನು ಯಾರನ್ನಾದರೂ ಬಯ್ಯುತ್ತಲೇ ಮಾಡುತ್ತಾರೆ. ಬಯ್ಯದೆ ತಿಕ್ಕಿದರೆ ಹೊಳಪು ಬರುವುದಿಲ್ಲವೆಂದು ಅವರ ನಂಬಿಕೆ ಇದ್ದೀತು.

ಯಾವ ಮರವನ್ನೇ ಆಗಲಿ ಉಗುರಿನಿಂದ ಗೀರಿ, ಮೂಸಿ, ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಅದರ ಕುಲಗೋತ್ರ ಹೇಳಬಲ್ಲವರು ಅವರು. ಈ ವಿದ್ಯೆ ಇಲ್ಲದವರೆಲ್ಲ ಅವರ ದೃಷ್ಟಿಯಲ್ಲಿ ಕತ್ತೆಗಳು. ಗಲ್ಲಿಯ ತುದಿಯಲ್ಲಿ ಇದೇ ವ್ಯಾಪಾರ ಮಾಡುವ ಶೌಕತ್ ಒಬ್ಬ ಕಳ್ಳ ಕತ್ತೆ. ಹೊಸಾ ರಬ್ಬರ್ ಮರದ ಪೆಟ್ಟಿಗೆಗೆ ಚಹಾದ ಡಿಕಾಕ್ಷನ್ ಬಳಿದು, ಸೈಕಲ್ ಚೈನಿನಿಂದ ನಾಲ್ಕು ಬಾರಿಸಿ, ಬ್ರಿಟಿಷರ ಕಾಲದ್ದೆಂದು ಮಾರುತ್ತಾನೆ. ಅದನ್ನು ಕಾರಿನಲ್ಲಿ ಹೇರಿಕೊಂಡು ಹೋಗುವವರು ಓದಿದ ಕತ್ತೆಗಳು. ಇನ್ನು ಮಾರತ್ತಹಳ್ಳಿ ಕಡೆಯ ಗಾಜಿನ ಶೋರೂಮುಗಳಲ್ಲಿ, ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ, ಅದರ ಮೇಲೆ ಮರದ ಫೋಟೋ ಅಂಟಿಸಿ ಮಾರುವವರನ್ನು ಕತ್ತೆ ಎಂದರೆ ಕತ್ತೆ ನೊಂದುಕೊಳ್ಳುತ್ತದೆ ಎಂದು ಅವರು ಹೇಳುತ್ತಿದ್ದರು.

ಆದರೆ ಅತಿ ಹೆಚ್ಚಿನ ತಿರಸ್ಕಾರ ಇಂದಿರಾನಗರಕ್ಕೆ ಮೀಸಲಾಗಿತ್ತು, ಯಾಕೆಂದರೆ ಅವರ ಹೊಟ್ಟೆ ತುಂಬುತ್ತಿದ್ದದ್ದೇ ಅಲ್ಲಿಂದ. ಹೊಲಿಗೆ ಮಿಷನ್ನಿನ ಕಬ್ಬಿಣದ ಕಾಲು ಕೊಂಡು ಅದರ ಮೇಲೆ ಕೈ ತೊಳೆಯುವ ಬೇಸಿನ್ನು ಕೂರಿಸುವವರು, ರುಬ್ಬುವ ಕಲ್ಲಿನ ಗುಳಿಯಲ್ಲಿ ಮನಿಪ್ಲಾಂಟ್ ನೆಡುವವರು, ಮೊರವನ್ನು ಗೋಡೆಗೆ ಹೊಡೆದು ಅದರತ್ತ ನೋಡುತ್ತಾ ಕೂರುವವರು ಅಲ್ಲಿಯವರು. ಒಬ್ಬ ಪುಣ್ಯಾತ್ಮ ಹಳೇ ಬಾಗಿಲನ್ನು ಅಡ್ಡ ಮಲಗಿಸಿ ಮೇಲೆ ಗಾಜು ಹಾಕಿಸಿ ಊಟದ ಮೇಜು ಮಾಡಿಸಿಕೊಂಡು ಹೋದ. "ಬಾಗಿಲ ಮೇಲೆ ಉಣ್ಣೋರು ಕಿಟಕಿ ಮೇಲೆ ಮಲಗ್ತಾರೇನೋ" ಎಂದು ಸಾಹೇಬರು ಒಂದು ವಾರ ಗಲ್ಲಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು.

ಆ ಕಡೆಯಿಂದ ತಪ್ಪದೆ ಬರುತ್ತಿದ್ದವಳು ರೇವತಿ. ಹಲಸೂರಿನಲ್ಲಿ ಹುಟ್ಟಿದ ಹುಡುಗಿ, ಇಂದಿರಾನಗರದಲ್ಲಿ ಪುಟ್ಟ ಆಫೀಸು. ಹೊಸದಾಗಿ ಬಾಡಿಗೆ ಮನೆ ಹಿಡಿದ ಗಂಡ ಹೆಂಡತಿಯರಿಗೆ, ಅವರ ಕೈಯಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ಮನೆ ಜೋಡಿಸಿಕೊಡುವುದು ಅವಳ ಕಸುಬು. ಬಂದವಳೇ ಚಪ್ಪಲಿ ಬಿಟ್ಟು, ಧೂಳಿಗೆ ಅಂಜದೆ, ಅಟ್ಟದ ಮೇಲಿದ್ದದ್ದನ್ನೂ ಇಳಿಸಿ ನೋಡುತ್ತಿದ್ದಳು.

"ಸಾಹೇಬ್ರೇ, ಇದಕ್ಕೆ ಪಾಲಿಶ್ ಜಾಸ್ತಿ ಬೇಡ. ಆ ಗೀರು ಹಾಗೇ ಇರ್ಲಿ. ಕ್ಯಾರೆಕ್ಟರ್ ಇರುತ್ತೆ."

"ಅದು ಕ್ಯಾರೆಕ್ಟರ್ ಅಲ್ಲ ಮೇಡಂ, ಆ ಮನೇಲಿ ಬೆಕ್ಕಿತ್ತು ಅಂತ ಅರ್ಥ."

"ನೀವು ಬಯ್ಕೊಳ್ಳಿ, ಪರವಾಗಿಲ್ಲ. ಒಂದು ಹಳೇದು, ಒಂದು ಸೆಕೆಂಡ್ ಹ್ಯಾಂಡು, ಒಂದು ಹೊಸದು. ಮೂರೂ ಸೇರಿದ್ರೇನೇ ಮನೆ ಮನೆ ಥರ ಕಾಣೋದು. ಎಲ್ಲಾ ಹಳೇದಾದ್ರೆ ಮ್ಯೂಸಿಯಂ, ಎಲ್ಲಾ ಹೊಸದಾದ್ರೆ ಲಾಡ್ಜು."

"ಬಿರಿಯಾನಿಗೆ ಉಪ್ಪಿಟ್ಟು ಕಲಸಿ, ಮೇಲೆ ಬ್ರೆಡ್ಡು ಮುರಿದು ಹಾಕಿ, ತಿನ್ನಿ ಅಂತೀರಿ" ಎಂದು ಸಾಹೇಬರು ಮೂಗು ಮುರಿದರು. ಮುರಿಯುತ್ತಲೇ ಅವಳು ಕೇಳಿದ ಆರಾಮ ಕುರ್ಚಿಯನ್ನು ಟೆಂಪೋಗೆ ಹತ್ತಿಸಿದರು.

ಹೀಗೆ ಎಲ್ಲರನ್ನೂ ತೆಗಳಿಕೊಂಡು ಸುಖವಾಗಿದ್ದ ಸಾಹೇಬರಿಗೆ ಒಬ್ಬಳೇ ಮಗಳ ಮದುವೆ ಗೊತ್ತಾಯಿತು. ಮಹೀನ್‌ಗೆ ಇಪ್ಪತ್ನಾಲ್ಕು ವರ್ಷ. ಫ್ರೇಜರ್ ಟೌನಿನ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಮುಂದುಗಡೆ ಕೂತು ಫೋನ್ ತೆಗೆಯುವ ಕೆಲಸ. ಹುಡುಗ ಮುಬೀನ್, ಎ.ಸಿ. ರಿಪೇರಿ ಮಾಡುವವನು, ಕೆ.ಆರ್. ಪುರದಲ್ಲಿ ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನೋಡಿದ್ದ. ಬಕ್ರೀದ್ ಕಳೆದ ಎರಡನೇ ಭಾನುವಾರ ನಿಕಾಹ್. ಹುಡುಗನ ತಾಯಿ ಸಾಮಿಯಾ ಬೀ, "ನಮಗೇನೂ ಬೇಡ, ಮಕ್ಕಳು ಚೆನ್ನಾಗಿದ್ರೆ ಸಾಕು" ಎಂದು ಕೈ ಮುಗಿದಿದ್ದರು. ಸಾಹೇಬರು ಅದಕ್ಕೂ ಮುಖ ಸಿಂಡರಿಸಿದರು. ಏನೂ ಬೇಡ ಎನ್ನುವವರಿಗೆ ಬೇಕು ಎಂದು ಕೇಳುವ ಬಾಯಿಲ್ಲ, ಅಷ್ಟೇ. ಯಾರು ಬೇಡವೆಂದರೂ ಹೆಣ್ಣಿನ ತೌರಿನಿಂದ ಮಂಚವೊಂದು ಹೋಗಲೇಬೇಕು. ಗಲ್ಲಿಯ ಜನರೆಲ್ಲ ನೋಡುತ್ತಿರುವಾಗ ತೆರೆದ ಟೆಂಪೋದಲ್ಲಿ ಹೋಗಬೇಕು. ಅದೂ ಸನಾವುಲ್ಲಾನ ಮಗಳ ಮಂಚ!

ಮಂಚ ಸಿಕ್ಕಿದ್ದು ಕಂಟೋನ್ಮೆಂಟಿನ ಹಳೇ ಬಂಗಲೆಯೊಂದರ ಹಿತ್ತಿಲಲ್ಲಿ. ಬಂಗಲೆ ಕೆಡವುತ್ತಿದ್ದರು, ಸಾಹೇಬರು ಕಿಟಕಿ ಬಾಗಿಲು ಕೊಳ್ಳಲು ಹೋಗಿದ್ದರು. ಆಳುಗಳಿರುತ್ತಿದ್ದ ಕೋಣೆಯಲ್ಲಿ ಇದ್ದಿಲು ಮೂಟೆಗಳ ಕೆಳಗೆ ಹಸಿರು ಬಣ್ಣ ಬಳಿದ ಮಂಚವೊಂದು ಬಿದ್ದಿತ್ತು. ಕೋಳಿಗಳು ಅದರ ಮೇಲೆ ತಮ್ಮ ಕೆಲಸ ಮಾಡಿ ವರ್ಷಗಳೇ ಆಗಿದ್ದವು. ಸಾಹೇಬರು ಬಗ್ಗಿ, ಕಾಲಿನ ಬುಡದಲ್ಲಿ ಬಣ್ಣ ಎದ್ದಿದ್ದ ಜಾಗದಲ್ಲಿ ಉಗುರು ಹಾಕಿ ಗೀರಿ ಮೂಸಿದರು. ಬೀಟೆ. ಅಪ್ಪಟ ಬೀಟೆ. ಮುಖದಲ್ಲಿ ಏನೂ ತೋರಿಸದೆ, "ಈ ಕಸಾನೂ ನಾನೇ ಹೊತ್ತಾಕ್ತೀನಿ ಬಿಡಪ್ಪಾ" ಎಂದು ಮೇಸ್ತ್ರಿಗೆ ಉಪಕಾರ ಮಾಡುವವರ ಥರ ಹೇಳಿ ತಂದರು.

ಮೂರು ವಾರ ಕೆರೆದರು. ಬೀಟೆಗೆ ಹಸಿರು ಬಣ್ಣ ಬಳಿದವನ ಏಳು ತಲೆಮಾರನ್ನು ಬಯ್ಯುತ್ತಾ ಕೆರೆದರು. ಬಣ್ಣದಡಿಯಿಂದ ನೇರಳೆಗಪ್ಪು ಮರ ಎದ್ದು ಬಂತು, ಅದರೊಳಗೆ ತೆಳ್ಳಗೆ ಹರಿಯುವ ಕಂದು ಗೆರೆಗಳು. ಒಂದೇ ಒಂದು ಮೊಳೆ ಇಲ್ಲ, ಎಲ್ಲ ಮರಕ್ಕೆ ಮರ ಕಚ್ಚಿಕೊಂಡ ಜೋಡಣೆ. ತಲೆಯ ಕಡೆಯ ಹಲಗೆಯಲ್ಲಿ ಯಾವನೋ ಹೆಸರಿಲ್ಲದ ಬಡಗಿ ದ್ರಾಕ್ಷಿ ಬಳ್ಳಿ ಕೊರೆದಿದ್ದ. ಅರಗಿನ ಪಾಲಿಶ್ ಹನ್ನೊಂದು ಸಲ ಬಿತ್ತು. ಹನ್ನೆರಡನೆಯದಕ್ಕೆ ಮಂಚದಲ್ಲಿ ಮುಖ ಕಂಡಿತು, ಸಾಹೇಬರು ಬಯ್ಯುವುದನ್ನು ನಿಲ್ಲಿಸಿ ಸುಮ್ಮನೆ ನಿಂತುಕೊಂಡರು.

ರೇವತಿ ಅದನ್ನು ನೋಡಿದ್ದು ಆವತ್ತೇ. ಚಪ್ಪಲಿ ಬಿಡುವುದನ್ನೂ ಮರೆತು ನೇರ ಅದರ ಬಳಿಗೆ ಹೋದಳು.

"ಸಾಹೇಬ್ರೇ... ಇದು ನಂಗೆ ಬೇಕು. ರೇಟು ನೀವೇ ಹೇಳಿ."

"ಮಾರಾಟಕ್ಕಿಲ್ಲ."

"ಏನಂದ್ರಿ?"

"ಕಿವಿ ಕೇಳಿಸಲ್ವಾ ಮೇಡಂ? ನನ್ನ ಮಗಳದ್ದು."

ಸುದ್ದಿ ಗಲ್ಲಿಯ ಈ ತುದಿಯಿಂದ ಆ ತುದಿಗೆ ಹೋಗಲು ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಸನಾವುಲ್ಲಾ ಗಿರಾಕಿಗೆ ಇಲ್ಲ ಅಂದನಂತೆ! ಶೌಕತ್ ಕೆಲಸ ಬಿಟ್ಟು ಬಂದು ಮಂಚ ನೋಡಿಕೊಂಡು, ಹಲ್ಲು ಕಿರಿದು ಹೋದ. ರೇವತಿ ಎರಡು ಸಲ ಫೋನ್ ಮಾಡಿದಳು, ಸಾಹೇಬರು ಎರಡು ಸಲವೂ ಖುಷಿಯಿಂದ ಇಲ್ಲವೆಂದರು. ಇಂದಿರಾನಗರವನ್ನು ಬಾಗಿಲಲ್ಲಿ ನಿಲ್ಲಿಸಿ ಇಲ್ಲವೆನ್ನುವುದರಲ್ಲಿ ಇಷ್ಟು ಸುಖವಿದೆಯೆಂದು ಅವರಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು.

ಹೆಂಡತಿ ಶಂಶುನ್ನೀಸಾಗೆ ಮಾತ್ರ ಈ ಸುಖ ಕಾಣಲಿಲ್ಲ. "ರೀ, ಮಗಳನ್ನ ಒಂದು ಮಾತು ಕೇಳಿದ್ರಾ?"

"ಏನು ಕೇಳೋದು?"

"ಮಂಚ ಬೇಕಾ ಅಂತ."

"ಚಿನ್ನ ಬೇಕಾ ಅಂತ ಯಾರಾದ್ರೂ ಕೇಳ್ತಾರೇನೇ?" ಎಂದು ಸಾಹೇಬರು ಗದರಿದರು. ಶಂಶುನ್ನೀಸಾ ತುಟಿ ಪಿಟಕ್ಕೆನ್ನದೆ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತದ್ದು ಅದೊಂದನ್ನೇ.

ಶುಕ್ರವಾರ ಮಧ್ಯಾಹ್ನ, ಸಾಹೇಬರು ನಮಾಜು ಮುಗಿಸಿ ಊಟಕ್ಕೆ ಮೇಲೆ ಬಂದಾಗ, ಮಹೀನ್ ಚೀಟಿಯೊಂದನ್ನು ಹಿಡಿದು ಕಾದಿದ್ದಳು. ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಮನೆ.

"ಅಬ್ಬಾ, ಕೆ.ಆರ್. ಪುರದ ಮನೆಗೆ ಏನೇನು ಅಂತ ಬರ್ಕೊಂಡಿದ್ದೀನಿ. ಬೈಬೇಡಿ, ಪೂರ್ತಿ ಕೇಳಿ."

ಓದಿದಳು. ಕೆಳಗಿನ ಅಂಗಡಿಯಿಂದ ಅಂಚಿನಲ್ಲಿ ಚುಕ್ಕೆ ಬಿದ್ದ ಅಂಡಾಕಾರದ ಕನ್ನಡಿ, ಬೆತ್ತ ಹೆಣೆದ ಎರಡು ಕುರ್ಚಿ, ಅಡುಗೆ ಸಾಮಾನಿಗೆ ಬಲೆ ಬಾಗಿಲಿನ ಹಳೇ ಜಾಲಿ ಬೀರು. ಕ್ಲಿನಿಕ್ಕಿನ ಡಾಕ್ಟರ್ ಮನೆ ಬದಲಾಯಿಸುತ್ತಿದ್ದಾರೆ, ಅವರ ಫ್ರಿಜ್ಜು ಕಡಿಮೆಗೆ ಸಿಗುತ್ತದೆ. ಪರದೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೊಸದು. ಎಲ್ಲ ಅಳೆದಿದ್ದಳು, ಗೋಡೆಯ ಉದ್ದ ಸಮೇತ. ಯಾವುದು ಯಾವುದರ ಪಕ್ಕ ನಿಲ್ಲಬೇಕೆಂದು ಪೆನ್ಸಿಲ್ಲಿನಲ್ಲಿ ಚಿತ್ರ ಹಾಕಿದ್ದಳು. ಜಾಲಿ ಬೀರುವನ್ನು ಆರಿಸಿದ್ದು ಕೇಳಿ ಸಾಹೇಬರು ಒಳಗೊಳಗೇ ಬೀಗಿದರು. ಅಂಗಡಿಯಲ್ಲಿ ಅದೇ ಒಳ್ಳೆಯದು, ರೇವತಿಯ ಕಣ್ಣಿಗೂ ಬಿದ್ದಿರಲಿಲ್ಲ.

"ಆಮೇಲೆ ಮಂಚ" ಎಂದು ಮಹೀನ್ ಫೋನ್ ತಿರುಗಿಸಿ ತೋರಿಸಿದಳು. "ಇದು. ಮಾರತ್ತಹಳ್ಳೀಲಿ ಆಫರ್ ಇದೆ."

ಸಾಹೇಬರು ಕನ್ನಡಕ ಏರಿಸಿ ನೋಡಿದರು. ಹೊಟ್ಟಿನ ಹಲಗೆ. ಮರದ ಫೋಟೋ. ತಲೆದಿಂಬಿನ ಕಡೆ ಮೊಬೈಲ್ ಇಡಲು ಗೂಡು ಬೇರೆ.

"ಥೂ" ಎಂದರು.

ಆಮೇಲೆ ಶುರುವಾದದ್ದು ನಿಲ್ಲಲಿಲ್ಲ. ಅನ್ನ ಆರಿತು. ಹೊಟ್ಟನ್ನು ಕೋಳಿಗೆ ಹಾಸುತ್ತಾರೆ, ಮಗಳಿಗಲ್ಲ. ನೀರು ತಾಗಿದರೆ ಊದುತ್ತದೆ, ಬಿಸಿಲು ತಾಗಿದರೆ ಬಿರಿಯುತ್ತದೆ, ಮಗು ಕುಣಿದರೆ ಮುರಿಯುತ್ತದೆ. ಕೆಳಗೆ ರಾಜರ ಮನೆಗೆ ಹೋಗುವಂಥ ಬೀಟೆ ಮಂಚ ನಿಂತಿದೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಫೋನಿನಲ್ಲಿ ಕಸ ಆರಿಸುತ್ತಾಳೆ. ನಲವತ್ತೊಂದು ವರ್ಷ ಕತ್ತೆಗಳ ಜೊತೆ ವ್ಯಾಪಾರ ಮಾಡಿದೆ, ಮನೆಯಲ್ಲೇ ಒಂದನ್ನು ಸಾಕುತ್ತಿದ್ದೆ ಎಂದು ಗೊತ್ತಿರಲಿಲ್ಲ. ಅಷ್ಟು ಹೇಳಿ ಉಸಿರು ತೆಗೆದುಕೊಳ್ಳಲು ನಿಂತರು.

"ನಕ್ಕೋ ಅಬ್ಬಾ" ಎಂದಳು ಮಹೀನ್. ಬೇಡ ಎಂಬ ಆ ಮಾತನ್ನು ಅವಳು ಮೆಲ್ಲಗೇ ಹೇಳಿದಳು. "ಆ ಮಂಚ ನಂಗೆ ಬೇಡ."

"ಹಳೇದು ಅಂತ ನಾಚಿಕೆನಾ? ಅವರ ಮನೆಯೋರು ಏನಂತಾರೆ ಅಂತಾನಾ?"

"ಕನ್ನಡಿ ಹಳೇದು, ಕುರ್ಚಿ ಹಳೇದು, ಬೀರು ಹಳೇದು. ನಾಚಿಕೆ ಇದ್ರೆ ಕೇಳ್ತಿದ್ನಾ? ಮಂಚ ಒಂದು ಹೊಸದು ಇರ್ಲಿ." ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. "ಏಳನೇ ಕ್ಲಾಸಲ್ಲಿ ನಂಗೆ ಟೈಫಾಯ್ಡ್ ಬಂದಿತ್ತು. ನಿಮಗೆ ಜ್ಞಾಪಕ ಇದ್ಯಾ?"

"ಇಲ್ದೆ ಏನು. ಬೌರಿಂಗ್ ಆಸ್ಪತ್ರೆಗೆ ನಾನೇ ಎತ್ಕೊಂಡು ಹೋಗಿದ್ದೆ."

"ಅದು ಆಮೇಲೆ. ಆವತ್ತು ಮಧ್ಯಾಹ್ನ ಒಬ್ರು ಗಿರಾಕಿನ ಮೇಲೆ ಕರ್ಕೊಂಡು ಬಂದ್ರಿ. ನನ್ನ ಎತ್ತಿ ಚಾಪೆ ಮೇಲೆ ಹಾಕಿ, ಮಂಚ ಬಿಚ್ಚಿದ್ರಿ. ಅವರು ಹಲಗೆ ಮುಟ್ಟಿ, ಇನ್ನೂ ಬಿಸಿ ಇದೆಯಲ್ಲಾ ಅಂತ ನಕ್ರು. ನೀವೂ ನಕ್ರಿ."

ಸಾಹೇಬರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಮಹೀನ್ ನಿಲ್ಲಿಸಲಿಲ್ಲ.

"ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆ ಹಿಂದಿನ ದಿನ ನಾನು ಓದ್ತಿದ್ದ ಮೇಜು ಹೋಯ್ತು. ಪುಸ್ತಕ ಕಿಟಕಿ ಮೇಲೆ ಇಟ್ಟು ಹೋಗಿದ್ರಿ. ಒಂದ್ಸಲ ಈದ್ ದಿನ ಅರ್ಧ ಜಡೆ ಹೆಣೆದಿದ್ದೆ, ಮುಂದಿದ್ದ ಕನ್ನಡೀನೇ ಹೋಯ್ತು. ಅತ್ರೆ, ಅಂಗಡಿಯೋನ ಮನೇಲಿ ಎಲ್ಲಾ ಮಾರೋಕೇ ಇರೋದು ಅಂತಿದ್ರಿ. ಅಳೋದು ಬಿಟ್ಟೆ. ಯಾವುದನ್ನೂ ನಂದು ಅನ್ನೋದೂ ಬಿಟ್ಟೆ. ನಾನು ಬೇಕು ಅಂದಿದ್ದನ್ನೆಲ್ಲಾ ಮಾರಿದ್ರಿ ಅಬ್ಬಾ. ಈಗ ಬೇಡ ಅಂತಿರೋದನ್ನ ಇಟ್ಕೊಂಡಿದ್ದೀರ."

"ಇದನ್ನ ಯಾರಿಗೂ ಮಾರಲ್ಲ ಕಣೇ. ನಿಂದೇ."

"ಗೊತ್ತು. ಆದ್ರೂ ಅದನ್ನ ನೋಡಿದ್ರೆ, ಮೆಟ್ಟಿಲ ಮೇಲೆ ಯಾರೋ ಹತ್ತಿ ಬರ್ತಿದ್ದಾರೆ ಅನ್ಸುತ್ತೆ. ನೀವು ಹೇಳೋ ಹೊಟ್ಟಿನ ಹಲಗೆನೇ ಇರ್ಲಿ. ನನಗಿಂತ ಮುಂಚೆ ಅದರ ಮೇಲೆ ಯಾರೂ ಮಲಗಿರಲ್ಲ. ನನ್ನ ಎಬ್ಬಿಸಿ ಯಾರೂ ತಗೊಂಡು ಹೋಗಲ್ಲ."

ಸಾಹೇಬರು ಹೆಂಡತಿಯ ಕಡೆ ನೋಡಿದರು. ಶಂಶುನ್ನೀಸಾ ಅವರನ್ನೇ ನೋಡುತ್ತಿದ್ದರು, ಕಣ್ಣು ತಗ್ಗಿಸಲಿಲ್ಲ. ಸಾಹೇಬರು ಉಣ್ಣದೆ ಕೆಳಗಿಳಿದು ಹೋದರು.

ಅಂಗಡಿಯಲ್ಲಿ ಕೂತು ಮಗಳನ್ನು ಬಯ್ಯಲು ನೋಡಿದರು. ಫೋನ್ ಕಲಿಸಿದ ಕೆಟ್ಟ ಬುದ್ಧಿ ಎಂದುಕೊಂಡರು. ಕ್ಲಿನಿಕ್ಕಿನ ಸಹವಾಸ ಎಂದುಕೊಂಡರು. ರೇವತಿಯ ಮೂರರ ಸಿದ್ಧಾಂತ ಗಾಳಿಯಲ್ಲಿ ಹರಡಿರಬೇಕು ಎಂದೂ ಯೋಚಿಸಿದರು. ಯಾವುದೂ ನಿಲ್ಲಲಿಲ್ಲ. ಟೈಫಾಯ್ಡಿನ ಮಂಚದ ಕಥೆ ಅವರಿಗೆ ಚೆನ್ನಾಗಿಯೇ ನೆನಪಿತ್ತು. ಮರೆಯುವುದೆಲ್ಲಿಂದ ಬಂತು, ಅದು ಅವರು ಮದುವೆ ಮನೆಗಳಲ್ಲಿ ಹೇಳುವ ಕಥೆ. ಮಲಗಿದ ಮಗಳನ್ನು ಎತ್ತಿಟ್ಟು ಮಂಚ ಮಾರಿದ ವ್ಯಾಪಾರಸ್ಥ ನಾನು, ಬಿಸಿ ಆರುವ ಮುಂಚೆ ಗಿರಾಕಿ ಹೊತ್ತುಕೊಂಡು ಹೋದ ಎಂದು ತೊಡೆ ತಟ್ಟಿ ನಗುತ್ತಿದ್ದರು, ಬಿರಿಯಾನಿಗೆ ಕೂತವರೂ ನಗುತ್ತಿದ್ದರು. ಎಷ್ಟೋ ಸಲ ಮಹೀನ್ ಅಲ್ಲೇ, ಹೆಂಗಸರ ಪಂಕ್ತಿಗೆ ಕಟ್ಟಿದ ಪರದೆಯ ಆಚೆಗೆ ಕೂತಿರುತ್ತಿದ್ದಳು. ಪರದೆಗೆ ಗೋಡೆಯಷ್ಟು ದಪ್ಪ ಇರುವುದಿಲ್ಲವೆಂಬುದು, ಎಲ್ಲರನ್ನೂ ಕತ್ತೆ ಎನ್ನುವ ಈ ಜಾಣನಿಗೆ ಈವರೆಗೆ ಹೊಳೆದಿರಲಿಲ್ಲ. ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು. ಬೇರೆಯವರ ಮೇಲೆ ಅದು ಎಷ್ಟು ಸಲೀಸಾಗಿ ಬರುತ್ತಿತ್ತೋ ಅಷ್ಟು ಸಲೀಸಾಗಿ ಇದು ಬರಲಿಲ್ಲ, ಬಂದಮೇಲೆ ಹೋಗಲೂ ಇಲ್ಲ.

ಮರುದಿನ ಬೆಳಿಗ್ಗೆ ಅವರೇ ರೇವತಿಗೆ ಫೋನ್ ಮಾಡಿದರು. ಅವಳು ಹತ್ತು ಗಂಟೆಗೇ ಟೆಂಪೋ ಸಮೇತ ಬಂದಳು.

"ಮಾರಾಟಕ್ಕಿಲ್ಲ ಅಂದಿದ್ರಿ?"

"ಅಂಗಡಿ ಅಲ್ವಾ ಮೇಡಂ."

ರೇವತಿ ಅವರ ಮುಖ ನೋಡಿ ಮುಂದೆ ಕೇಳಲಿಲ್ಲ. ಚೌಕಾಶಿಯೂ ಮಾಡಲಿಲ್ಲ. ಸಾಹೇಬರು ಮಂಚವನ್ನು ತಾವೇ ಬಿಚ್ಚಿ, ಹಳೇ ಕಂಬಳಿ ಸುತ್ತಿ, ಒಂದೊಂದೇ ಭಾಗವನ್ನು ಹತ್ತಿಸಿದರು. "ಒದ್ದೆ ಬಟ್ಟೆ ಹಾಕ್ಬೇಡಿ. ಬಿಸಿಲಿಗೆ ಇಡ್ಬೇಡಿ. ಕಾಲು ಕೊಯ್ದು ಟೀಪಾಯಿ ಮಾಡಿದ್ದು ಗೊತ್ತಾದ್ರೆ ನಿಮ್ಮ ಆಫೀಸ್ ಮುಂದೆ ಬಂದು ಕೂತು ಬೈತೀನಿ."

"ಕ್ಯಾರೆಕ್ಟರ್‌ಗೆ ಒಂದು ಗೀರೂ ಇಲ್ವಲ್ಲಾ ಸಾಹೇಬ್ರೇ" ಎಂದು ರೇವತಿ ನಗಿಸಲು ನೋಡಿದಳು. ಸಾಹೇಬರು ನಗಲಿಲ್ಲ. ಟೆಂಪೋ ಗಲ್ಲಿ ದಾಟುವಾಗ ಶೌಕತ್ ಬಾಗಿಲಲ್ಲಿ ನಿಂತು ತಲೆಯಾಡಿಸುತ್ತಿದ್ದ. ಅವನನ್ನು ಬಯ್ಯುವ ಮನಸ್ಸೂ ಬರಲಿಲ್ಲ.

ಭಾನುವಾರ ಮೂವರೂ ಆಟೋ ಹಿಡಿದು ಮಾರತ್ತಹಳ್ಳಿಯ ಶೋರೂಮಿಗೆ ಹೋದರು. ಸಾಹೇಬರು ಅಂಥ ಜಾಗಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಒಳಗೆ ಚಳಿ ಹತ್ತುವಷ್ಟು ಎ.ಸಿ., ಮರದ ವಾಸನೆಯೇ ಇಲ್ಲದ ನೂರಾರು ಮಂಚ, ಪ್ರತಿ ಮಂಚದ ಪಕ್ಕದಲ್ಲೂ ಪ್ಲಾಸ್ಟಿಕ್ ಗಿಡ. ಕೊರಳಿಗೆ ಟೈ ಬಿಗಿದ ಸೇಲ್ಸಿನವನು, "ಬನ್ನಿ ಅಂಕಲ್, ಇದು ಇಂಜಿನಿಯರ್ಡ್ ವುಡ್, ಟೀಕ್‌ಗಿಂತ ಸ್ಟ್ರಾಂಗು" ಎಂದ. ಶಂಶುನ್ನೀಸಾ ಗಂಡನ ತೋಳು ಹಿಡಿದುಕೊಂಡರು. ಸಾಹೇಬರು ಉಗುಳು ನುಂಗಿಕೊಂಡರು.

ಮಹೀನ್ ತಾನು ಆರಿಸಿದ್ದ ಮಂಚದ ಅಂಚಿಗೆ ಕೂತಳು. ಮೊದಲು ಮೆಲ್ಲಗೆ, ಆಮೇಲೆ ಪೂರ್ತಿ ಭಾರ ಬಿಟ್ಟು. ಅಂಗೈಯಿಂದ ಹಲಗೆ ಸವರಿದಳು. ಸಾಹೇಬರಿಗೆ ನಾಲ್ಕು ಹೆಜ್ಜೆ ದೂರದಿಂದಲೇ ಎಲ್ಲ ಕಂಡಿತ್ತು: ಅಡಿಗೊಮ್ಮೆ ಅದೇ ಗಂಟು ಮತ್ತೆ ಅಚ್ಚಾಗಿರುವ ಫೋಟೋ, ಅಂಚಿನಲ್ಲಿ ಈಗಲೇ ಏಳುತ್ತಿರುವ ಪಟ್ಟಿ, ಇಡೀ ಭಾರಕ್ಕೆ ಎಂಟು ಸ್ಕ್ರೂ. ಹೆಚ್ಚೆಂದರೆ ನಾಲ್ಕು ಮಳೆಗಾಲ.

"ಬಿಲ್ ಯಾರ ಹೆಸರಲ್ಲಿ ಸರ್?"

"ಸನಾ..." ಎಂದು ಬಾಯಿಗೆ ಬಂದದ್ದನ್ನು ಸಾಹೇಬರು ತಡೆದರು. "ಮಹೀನ್. ಮಹೀನ್ ಅಂತ ಬರೀರಿ. ಅವಳದ್ದು."

ಕಾಗದವನ್ನು ಮಹೀನ್ ಎರಡು ಸಲ ಓದಿದಳು. ಮಡಚಿ, ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ ಇಟ್ಟು, ಜಿಪ್ಪೆಳೆದಳು. ಆಮೇಲೆ ತಂದೆಯ ಕಡೆ ತಿರುಗಿದಳು.

"ನಿಜ ಹೇಳಿ ಅಬ್ಬಾ. ಬಾಳಿಕೆ ಬರುತ್ತಾ?"

ಸೇಲ್ಸಿನವನೂ ಅವರ ಮುಖ ನೋಡಿದ. ಸನಾವುಲ್ಲಾ ಸಾಹೇಬರು ಮುಂದೆ ಹೋಗಿ, ಬೆರಳ ಗೆಣ್ಣಿನಿಂದ ಹಲಗೆ ಕುಟ್ಟಿ, ತಲೆಯಾಡಿಸಿ, "ಚೆನ್ನಾಗಿದೆ. ನಿನ್ನ ಮಗಳ ಮದುವೆ ತನಕ ಬರುತ್ತೆ" ಎಂದರು. ಕೆಟ್ಟ ಮರವನ್ನು ಒಳ್ಳೆಯದೆಂದು ಅವರು ಹೇಳಿದ ಮೊದಲ ಸುಳ್ಳು ಅದು, ಹೇಳಲು ಬರಲೂ ಇಲ್ಲ.

ಮಹೀನ್‌ಗೆ ನಗು ಬಂತು. "ಬರದಿದ್ರೂ ಪರವಾಗಿಲ್ಲ. ಮುರಿಯೋ ತನಕ ನಂದೇ ಅಲ್ವಾ?"

ಸಾಹೇಬರು ಅಷ್ಟು ದೊಡ್ಡ ಶೋರೂಮಿನಲ್ಲಿ ಸುತ್ತಲೂ ಕಣ್ಣಾಡಿಸಿದರು. ಬಯ್ಯಲು ಒಬ್ಬರೂ ಸಿಗಲಿಲ್ಲ.